ಹುಲಿಪಟ್ಟೆಯ ನಾಯಿಯೂ ನಮ್ಮ ಆಸೆಯೂ

ಹದಿಮೂರು ವರ್ಷ ನಮ್ಮೊಡನೆ ಬಾಳಿದ ನಾಯಿ ಕಳೆದ ಮಳೆಗಾಲದಲ್ಲಿ ತೀರಿಕೊಂಡಿತು. ಠಾಣೆಯ ನಮ್ಮ ಸೊಸೈಟಿಯ ಗೇಟಿನ ಬಳಿ ಮರಿಯಾಗಿ ಸಿಕ್ಕಿದ್ದ, ತಳಿಯ ಹೆಸರೇನೂ ಇಲ್ಲದ ನಾಯಿ ಅದು. ದುಃಖ ತುಸು ತಗ್ಗಿದ ಮೇಲೆ ಮನೆಯಲ್ಲಿ ಮತ್ತೊಂದು ನಾಯಿಯ ಮಾತು ಎದ್ದಿತು. ಅದೇ ದಿನಗಳಲ್ಲಿ ಜಪಾನಿನ ಬೇಟೆನಾಯಿಯೊಂದರ ಚಿತ್ರ ನಮ್ಮ ಕಣ್ಣಿಗೆ ಬಿತ್ತು. ನೆಟ್ಟನೆ ನಿಂತ ಕಿವಿ, ಬೆನ್ನ ಮೇಲಕ್ಕೆ ಬಾಗಿದ ಬಾಲ, ಕಪ್ಪು ಮೈಮೇಲೆ ಕೆಂಗಂದು ಬಣ್ಣದ ಹುಲಿಪಟ್ಟೆ. ಹೆಸರು ಕಾಯಿ ಕೆನ್. ಜಪಾನಿನಲ್ಲೇ ಅಪರೂಪ, ಹೊರಗಂತೂ ಕಾಣಸಿಗುವುದೇ ಕಷ್ಟ ಎಂದು ತಿಳಿದಾಗ ನಮ್ಮ ಆಸೆ ಇಮ್ಮಡಿಯಾಯಿತು. ಆ ಆಸೆಯನ್ನು ನಾವು ಏಕೆ ಕೈಬಿಟ್ಟೆವು ಎಂಬುದನ್ನು ಇಲ್ಲಿ ಹೇಳಹೊರಟಿದ್ದೇವೆ. ನಮ್ಮಂತೆಯೇ ಆಸೆಪಡುವವರು ನಮ್ಮ ನಗರಗಳಲ್ಲಿ ಹೆಚ್ಚುತ್ತಿರುವುದರಿಂದ ಇದು ಕೇವಲ ಮನೆವಾರ್ತೆಯ ಮಾತಲ್ಲವೆಂದು ನಮ್ಮ ಎಣಿಕೆ.

ಕಾಯಿ ಎಂಬುದು ಒಂದು ಹಳೆಯ ಪ್ರಾಂತದ ಹೆಸರು. ಇಂದಿನ ಯಾಮಾನಾಶಿ ಜಿಲ್ಲೆಯೇ ಆ ಪ್ರಾಂತ. ದಕ್ಷಿಣದಲ್ಲಿ ಫೂಜಿ ಪರ್ವತ, ಪಶ್ಚಿಮದಲ್ಲಿ ದಕ್ಷಿಣ ಆಲ್ಪ್ಸ್ ಎಂದು ಕರೆಯುವ ಪರ್ವತಶ್ರೇಣಿ, ನಡುವೆ ಕೋಫು ಕಣಿವೆ. ಜಪಾನಿನ ಎರಡನೆಯ ಅತ್ಯುನ್ನತ ಶಿಖರವಾದ 3,193 ಮೀಟರ್ ಎತ್ತರದ ಕಿತಾದಾಕೆ ಇರುವುದು ಈ ಶ್ರೇಣಿಯಲ್ಲಿಯೇ. ಇಂಥ ಕಡಿದಾದ ಇಳಿಜಾರುಗಳಲ್ಲಿ ಕಾಡುಹಂದಿ, ಜಿಂಕೆ, ಹಾಗೂ ಆಡಿನ ಬಳಗಕ್ಕೆ ಸೇರಿದ ಕಾಮೋಶಿಕಾ ಎಂಬ ಕಾಡುಪ್ರಾಣಿಯನ್ನು ಅಟ್ಟಿ ಹಿಡಿಯುವ ಬೇಟೆಗಾರರ ಒಡನಾಡಿಯಾಗಿ ಈ ನಾಯಿ ರೂಪುಗೊಂಡಿತು. ಬಂಡೆಯಿಂದ ಬಂಡೆಗೆ ಜಿಗಿಯುವ ಬಲವಾದ ಹಿಂಗಾಲು, ಹಗುರವಾದ ಮೈ, ತಾನೇ ತೀರ್ಮಾನ ಕೈಗೊಳ್ಳುವ ಬುದ್ಧಿ ಇವೆಲ್ಲ ಆ ಬೆಟ್ಟ ಕೊಟ್ಟ ಗುಣಗಳು. ಓರೆಯಾಗಿ ಬೆಳೆದ ಮರವನ್ನೂ ಹತ್ತಬಲ್ಲದೆಂದು ಈ ನಾಯಿಗೆ ಹೆಸರಿದೆ. ಮರಿಗಳು ಹುಟ್ಟುವಾಗ ಹೆಚ್ಚಾಗಿ ಒಂದೇ ಕಡುಬಣ್ಣದಲ್ಲಿದ್ದು, ಬೆಳೆಯುತ್ತ ಹೋದಂತೆ ಪಟ್ಟೆಗಳು ಮೂಡುತ್ತವೆ. ಕಾಡಿನ ನೆರಳುಬೆಳಕಿನಲ್ಲಿ ಆ ಪಟ್ಟೆ ನಾಯಿಯನ್ನು ಮರೆಮಾಡುತ್ತದೆ. ನಮ್ಮ ಕಣ್ಣಿಗೆ ಅಲಂಕಾರವಾಗಿ ಕಂಡದ್ದು ಅಲ್ಲಿ ಉಪಯೋಗದ ವಸ್ತು.

ಮೇಜಿ ಯುಗದಿಂದೀಚೆಗೆ ಪಾಶ್ಚಾತ್ಯ ನಾಯಿಗಳು ಬಂದು ಬೆರೆತು ದೇಶೀಯ ನಾಯಿಗಳು ಕಣ್ಮರೆಯಾಗತೊಡಗಿದಾಗ ಜಪಾನೀಯರು ಎಚ್ಚೆತ್ತರು. 1928ರಲ್ಲಿ ಸೈತೋ ಹಿರೋಕಿಚಿ ಅವರು ಜಪಾನೀ ನಾಯಿಗಳ ರಕ್ಷಣೆಗೆಂದು ಸಂಘವೊಂದನ್ನು ಕಟ್ಟಿದರು. 1931ರಲ್ಲಿ ಕಾಯಿ ನಾಯಿಗೇ ಮೀಸಲಾದ ಸಂಘ ಹುಟ್ಟಿತು. ಅದೇ ವರ್ಷ ಅಕಿತಾ ನಾಯಿ ರಾಷ್ಟ್ರದ ‘ನೈಸರ್ಗಿಕ ಸ್ಮಾರಕ’ವೆಂದು ಘೋಷಿತವಾಯಿತು. ಶಿಬುಯಾ ನಿಲ್ದಾಣದಲ್ಲಿ ಸತ್ತ ಒಡೆಯನಿಗಾಗಿ ವರ್ಷಗಟ್ಟಲೆ ಕಾದ ಹಾಚಿಕೋ ಆ ತಳಿಯದೇ. ಕಾಯಿ ನಾಯಿಗೆ ಈ ಮನ್ನಣೆ ದೊರೆತದ್ದು 1934ರಲ್ಲಿ. ಪ್ರಾಚೀನ ನೆಲೆಗಳನ್ನೂ ರಮ್ಯ ಸ್ಥಳಗಳನ್ನೂ ಕಾಯುವ ಕಾನೂನಿನ ಅಡಿಯಲ್ಲಿಯೇ ಒಂದು ನಾಯಿಯನ್ನೂ ಕಾಯುವುದೆಂದರೆ ಗೌರವಿಸತಕ್ಕ ಮನೋಭಾವ.

ಆದರೆ ಇಲ್ಲೊಂದು ಸಂಗತಿ ನಮ್ಮನ್ನು ತಡೆದು ನಿಲ್ಲಿಸಿತು. ಯಾವ 1934ರಲ್ಲಿ ಕಾಯಿ ನಾಯಿ ಸ್ಮಾರಕವಾಯಿತೋ ಅದೇ ವರ್ಷ ಅದು ಬೇಟೆಯಾಡುತ್ತಿದ್ದ ಕಾಮೋಶಿಕಾ ಕೂಡ ನೈಸರ್ಗಿಕ ಸ್ಮಾರಕವಾಯಿತು; 1955ರಲ್ಲಿ ‘ವಿಶೇಷ’ ಸ್ಮಾರಕವೆಂಬ ಇನ್ನೂ ಮೇಲಿನ ಪದವಿಗೆ ಏರಿತು. ಬೇಟೆಗಾರನನ್ನೂ ಬೇಟೆಯನ್ನೂ ಒಟ್ಟಿಗೆ ರಕ್ಷಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಕಾಮೋಶಿಕಾ ಬದುಕಿ ಚೇತರಿಸಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ನಾಯಿಯ ಕಸುಬಿನ ಒಂದು ದೊಡ್ಡ ಭಾಗ ಕಾನೂನುಬಾಹಿರವಾಯಿತು. ಕಸುಬು ಹೋಯಿತು, ಕಸುಬಿಗೆಂದು ತಲೆಮಾರುಗಳಿಂದ ಹರಿದುಬಂದ ಹಂಬಲ ಮಾತ್ರ ರಕ್ತದಲ್ಲಿ ಉಳಿಯಿತು.

ಕಾಗದದ ಮೇಲಿನ ಮನ್ನಣೆಗೆ ಎಷ್ಟು ಬಲವಿದೆ ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಜಪಾನು ಹೀಗೆ ಘೋಷಿಸಿದ ತಳಿಗಳು ಒಟ್ಟು ಏಳು. ಅಕಿತಾ, ಕಾಯಿ, ಕಿಶು, ಶಿಬಾ, ಶಿಕೋಕು, ಹೊಕ್ಕಾಯ್ಡೊ ಈ ಆರು ಇಂದಿಗೂ ಇವೆ. ಏಳನೆಯದಾದ ಕೋಶಿ ನಾಯಿ ಸ್ಮಾರಕವೆನಿಸಿಕೊಂಡ ಮೇಲೂ ಅಳಿದುಹೋಯಿತು. ಸಾಕುವ ಕೈಗಳೂ ಮಾಡುವ ಕೆಲಸವೂ ಇಲ್ಲವಾದಾಗ ಬಿರುದು ಒಂದು ಪ್ರಾಣಿಯನ್ನು ಉಳಿಸಲಾರದು.

ಇದು ನಮಗೆ ಹೊಸ ಪಾಠವೇನಲ್ಲ. ನಮ್ಮದೇ ಮುಧೋಳದ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಾಗ ಪರಊರಿನ ಕನ್ನಡಿಗರೆಲ್ಲ ಹಿಗ್ಗಿದ್ದೆವು. ಆ ಹಿಗ್ಗಿನಲ್ಲಿ ಮರಿಯನ್ನು ತಂದು ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಕಟ್ಟಿಹಾಕಿದವರನ್ನು ನಾವು ಬಲ್ಲೆವು. ಬಯಲಿನಲ್ಲಿ ಮೊಲವನ್ನು ಅಟ್ಟಲು ಹುಟ್ಟಿದ ನಾಯಿ ಬಾಲ್ಕನಿಯ ಸರಳುಗಳ ನಡುವೆ ಮೂತಿಯಿಟ್ಟು ನಿಂತಿರುತ್ತಿತ್ತು. ಸಾಕಿದವರು ಕೆಟ್ಟವರಲ್ಲ, ಅವರಿಗೆ ತಳಿಯ ಬಗ್ಗೆ ಅಭಿಮಾನವಿತ್ತು, ಆದರೆ ಎದುರಿಗಿದ್ದ ನಾಯಿಯ ಪರಿಚಯವಿರಲಿಲ್ಲ.

ಹಾಗಾದರೆ ಕಾಯಿ ನಾಯಿಯನ್ನು ಸಾಕಲು ಏನು ಬೇಕು? ಗಾತ್ರದಿಂದ ಅದು ನಗರಕ್ಕೆ ಒಗ್ಗುವಂತೆಯೇ ತೋರುತ್ತದೆ: ಭುಜದವರೆಗೆ ಸುಮಾರು ಅರ್ಧ ಮೀಟರ್ ಎತ್ತರ, ತೂಕ ಸಾಮಾನ್ಯವಾಗಿ ಇಪ್ಪತ್ತು ಕಿಲೋ ಮೀರದು. ತನ್ನ ಮೈಯನ್ನು ತಾನೇ ಚೊಕ್ಕಟವಾಗಿ ಇಟ್ಟುಕೊಳ್ಳುತ್ತದೆ. ಒಡೆಯನಲ್ಲಿ ಅದಕ್ಕೆ ಆಳವಾದ ನಿಷ್ಠೆ. ಅಪರಿಚಿತರ ಮುಂದೆ ಬಿಗುಮಾನ. ಆದರೆ ದಿನಕ್ಕೆರಡು ಸಲ ಗೇಟಿನವರೆಗೆ ಹೋಗಿಬರುವುದರಿಂದ ಅದರ ದಣಿವು ತೀರದು, ಅದಕ್ಕೆ ದಣಿವು ಬರುವುದೂ ಇಲ್ಲ. ಓಡಬೇಕು, ಹತ್ತಬೇಕು, ಮೂಸಿ ಹುಡುಕಬೇಕು. ಬೆಕ್ಕೋ ಅಳಿಲೋ ಕಣ್ಣಿಗೆ ಬಿದ್ದರೆ ಕರೆದ ದನಿ ಅದರ ಕಿವಿಗೆ ಬೀಳುವುದು ಅನುಮಾನ; ಬೆಲ್ಟು ಬಿಚ್ಚಿ ಬಿಡುವುದು ಅಪಾಯ. ಎಳೆಯ ವಯಸ್ಸಿನಲ್ಲಿಯೇ ಜನರನ್ನೂ ಇತರ ನಾಯಿಗಳನ್ನೂ ಸದ್ದುಗದ್ದಲವನ್ನೂ ತಾಳ್ಮೆಯಿಂದ ಪರಿಚಯಿಸದಿದ್ದರೆ ಅದರ ಎಚ್ಚರಿಕೆ ಅಂಜಿಕೆಯಾಗಿ ಬೆಳೆಯುತ್ತದೆ. ಗದರಿಕೆಗೆ ಅದು ಬಗ್ಗುವುದಿಲ್ಲ, ಮುದುಡಿಕೊಳ್ಳುತ್ತದೆ.

ಆರೋಗ್ಯದಲ್ಲಿ ಇದು ಗಟ್ಟಿ ನಾಯಿಯೆಂದೇ ಹೆಸರಾಗಿದೆ. ಹನ್ನೆರಡು ವರ್ಷಕ್ಕೂ ಮಿಕ್ಕಿ ಬಾಳುವುದು ಸಾಮಾನ್ಯ. ಆದರೂ ಸಂಖ್ಯೆ ಕಡಿಮೆಯಿರುವ ತಳಿಯಲ್ಲಿ ಹತ್ತಿರದ ರಕ್ತಸಂಬಂಧದ ಕೂಡಿಕೆ ನಡೆದಷ್ಟೂ ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಸೊಂಟದ ಕೀಲು ಸರಿಯಾಗಿ ಕೂರದಿರುವುದು, ಮೊಣಕಾಲ ಚಿಪ್ಪು ಜಾರುವುದು, ಕಣ್ಣಿನ ಅಕ್ಷಿಪಟಲ ಕ್ರಮೇಣ ಕ್ಷೀಣಿಸುವುದು, ಚರ್ಮದ ಅಲರ್ಜಿ ಇವುಗಳ ಬಗ್ಗೆ ಎಚ್ಚರವಿರಬೇಕು. ಮರಿ ಕೊಳ್ಳುವವರು ಬಣ್ಣವನ್ನು ನೋಡುವ ಮೊದಲು ತಂದೆತಾಯಿ ನಾಯಿಗಳ ಕೀಲು ಮತ್ತು ಕಣ್ಣಿನ ತಪಾಸಣೆಯ ಕಾಗದಗಳನ್ನು ಕೇಳಬೇಕು. ‘ಅಪರೂಪ’ವೆಂದು ಹೆಚ್ಚು ಬೆಲೆ ಹೇಳುವವರು ಆ ಕಾಗದ ತೋರಿಸಲಾರದಿದ್ದರೆ, ಆ ಅಪರೂಪವೇ ಮರಿಯ ಶತ್ರುವೆಂದು ತಿಳಿಯಬೇಕು.

ನಮ್ಮ ಊಟದ ಮನೆಯ ಮಾತೂ ಇಲ್ಲಿ ಸಲ್ಲುತ್ತದೆ. ತಟ್ಟೆಯಲ್ಲಿ ಉಳಿದ ಹುಳಿಯನ್ನವನ್ನು ನಾಯಿಗೆ ಹಾಕುವುದು ನಮ್ಮವರ ಅಕ್ಕರೆಯ ರೀತಿ. ಈರುಳ್ಳಿ, ಬೆಳ್ಳುಳ್ಳಿ ಯಾವ ನಾಯಿಗೂ ಸಲ್ಲದವು. ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜಪಾನ್ ಮೂಲದ ಕೆಲವು ನಾಯಿಗಳಲ್ಲಿ ರಕ್ತಕಣಗಳೊಳಗೆ ಪೊಟ್ಯಾಸಿಯಂ ಹೆಚ್ಚಾಗಿರುವ ವಂಶಗುಣವಿದ್ದು, ಅಂಥವುಗಳಿಗೆ ಈರುಳ್ಳಿಯ ಹಾನಿ ಇನ್ನೂ ತೀವ್ರ. ಈರುಳ್ಳಿಯ ಒಗ್ಗರಣೆ ಬಿದ್ದ ಒಂದು ತುತ್ತಿನ ಪ್ರೀತಿಯೂ ವಿಷವಾಗಬಲ್ಲದು. ಒಣದ್ರಾಕ್ಷಿ, ಚಾಕೊಲೇಟುಗಳೂ ವರ್ಜ್ಯ.

ಇದಲ್ಲದೆ ಹವೆಯಿದೆ. ಕೋಫು ಕಣಿವೆಯಲ್ಲೂ ಬೇಸಿಗೆ ಕಡುವೇ. ಆದರೆ ಅಲ್ಲಿ ಬೇಸಿಗೆಯ ಹಿಂದೆಯೇ ಚಳಿಗಾಲ ಬರುತ್ತದೆ. ಈ ನಾಯಿಗಿರುವ ಒರಟು ಹೊರಕೂದಲು ಮತ್ತು ದಟ್ಟ ಒಳತುಪ್ಪಳ ಆ ಋತುಚಕ್ರಕ್ಕೆ ಹೊಂದಿಕೊಂಡದ್ದು. ವರ್ಷಕ್ಕೆ ಎರಡು ಸಲ ಉದುರಿ ಹೊಸದಾಗುತ್ತದೆ. ಮುಂಬಯಿ, ಚೆನ್ನೈಗಳ ವರ್ಷವಿಡೀ ಬಿಡದ ಸೆಕೆಯಲ್ಲಿ ಆ ತುಪ್ಪಳವನ್ನು ಹೊತ್ತು ಏದುಸಿರು ಬಿಡುವ ಪ್ರಾಣಿಗೆ ಹವಾನಿಯಂತ್ರಿತ ಕೋಣೆಯೇ ಮನೆಯಾಗುತ್ತದೆ. ಬೆಟ್ಟ ಹತ್ತುವ ನಾಯಿಗೆ ಕೋಣೆಯ ವಾಸವೆಂದರೆ ಉಪಚಾರವೋ ಸೆರೆಯೋ? ತೇವದಲ್ಲಿ ಉಣ್ಣೆಗಳು ಹತ್ತಿ ತರುವ ಜ್ವರ, ಮಳೆಗಾಲದ ನಿಂತ ನೀರಿನಿಂದ ಬರುವ ಇಲಿಜ್ವರ ನಮ್ಮ ನಗರಗಳ ನಾಯಿಗಳನ್ನು ಕಾಡುವ ರೋಗಗಳು. ಹೊರಗಿನಿಂದ ಬಂದ ನಾಯಿಗೆ ಅವು ಹೊಸ ಶತ್ರುಗಳು.

ಇಷ್ಟನ್ನೂ ಒಪ್ಪಿ, ಹೊಲಮನೆ, ಬಿಡುವು, ಪಶುವೈದ್ಯರ ಆಸರೆ ಎಲ್ಲ ಉಳ್ಳವರು ಸಾಕಬಾರದೇ ಎಂದು ಕೇಳಬಹುದು. ಹೊರದೇಶಗಳಲ್ಲಿ ಹೀಗೆ ಶ್ರದ್ಧೆಯಿಂದ ಸಾಕುವವರಿದ್ದಾರೆ. ತಳಿಯ ಬೇರುಗಳು ಹಲವೆಡೆ ಹರಡುವುದರಿಂದ ಅದಕ್ಕೆ ಒಳಿತೂ ಆಗಬಹುದು. ಆ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಒಂಟಿ ನಾಯಿಯೊಂದನ್ನು ಸಾವಿರಾರು ಮೈಲಿ ದೂರ ತಂದು, ಜೊತೆಗಾರ ನಾಯಿಯೂ ಮುಂದಿನ ಪೀಳಿಗೆಯೂ ಇಲ್ಲದ ಊರಲ್ಲಿ ಇರಿಸಿದರೆ ತಳಿಯ ಲೆಕ್ಕದಲ್ಲಿ ಅದು ಕಳೆದುಹೋದ ನಾಯಿಯೇ. ಉಳಿಸಿದೆವೆಂಬ ತೃಪ್ತಿ ನಮಗೆ, ನಷ್ಟ ಅದಕ್ಕೆ.

ಪರಊರಲ್ಲಿ ಬಾಳುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ನಾವು ನಮ್ಮ ಇಚ್ಛೆಯಿಂದ, ಉದ್ಯೋಗಕ್ಕೋ ಮಕ್ಕಳ ಓದಿಗೋ ಊರು ಬಿಟ್ಟು ಬಂದವರು. ಬೇಸರವಾದರೆ ರೈಲು ಹತ್ತಿ ಹಿಂತಿರುಗಬಲ್ಲವರು. ನಾಯಿಗೆ ಆ ಆಯ್ಕೆ ಇಲ್ಲ. ಅದರ ಪರವಾಗಿ ಆಯ್ಕೆ ಮಾಡುವವರು ನಾವೇ ಆದುದರಿಂದ, ನಮ್ಮ ಕಣ್ಣಿನ ಸಂತೋಷಕ್ಕಿಂತ ಅದರ ಕಾಲಿನ ಅಗತ್ಯವನ್ನು ಮೊದಲು ಎಣಿಸಬೇಕಾದುದು ನ್ಯಾಯ.

ನಮ್ಮ ಮನೆಯಲ್ಲಿ ಹಳೆಯ ನಾಯಿಯ ಬಟ್ಟಲು ಇನ್ನೂ ಅಡುಗೆಮನೆಯ ಮೂಲೆಯಲ್ಲಿದೆ. ಅದನ್ನು ತುಂಬಲು ಯಾಮಾನಾಶಿಯಿಂದ ಯಾರೂ ಬರಬೇಕಾಗಿಲ್ಲ. ಈ ಮಳೆಗೆ, ಈ ಸೆಕೆಗೆ, ಈ ಗದ್ದಲಕ್ಕೆ ಹುಟ್ಟಿನಿಂದ ಒಗ್ಗಿಕೊಂಡ ಮರಿಗಳು ಗೇಟಿನ ಹೊರಗೆ ಪ್ರತಿವರ್ಷ ಹುಟ್ಟುತ್ತಿವೆ. ಕಾಯಿ ನಾಯಿಯ ಚಿತ್ರವನ್ನು ನಾವು ಹರಿದುಹಾಕಲಿಲ್ಲ. ಎಂದಾದರೂ ಆ ಬೆಟ್ಟಗಳಿಗೆ ಹೋಗುವ ಯೋಗ ಬಂದರೆ, ಬೇಟೆಗಾರನ ಮುಂದೆ ಇಳಿಜಾರು ಹತ್ತುವ ಆ ಹುಲಿಪಟ್ಟೆಯನ್ನು ದೂರದಿಂದ ನೋಡಿ ಬರುತ್ತೇವೆ. ಅಪರೂಪದ ಪ್ರಾಣಿಯ ಮೇಲಿನ ಪ್ರೀತಿ ಅಷ್ಟು ದೂರವನ್ನು ಸಹಿಸಲೇಬೇಕೆಂಬುದು ನಮ್ಮ ಅಭಿಪ್ರಾಯ. ಬೇರೆ ಅಭಿಪ್ರಾಯವುಳ್ಳ ಓದುಗರ ಮಾತನ್ನೂ ಆದರದಿಂದ ಕೇಳಲು ನಾವು ಸಿದ್ಧರಿದ್ದೇವೆ.