‘ಕ್ರಮ ಕೈಗೊಳ್ಳಲಾಗುವುದು’, ಆದರೆ ಯಾರಿಂದ?

‘ರಾಮನು ರಾವಣನನ್ನು ಕೊಂದನು’ ಎಂಬ ಕರ್ತರಿ ವಾಕ್ಯವನ್ನು ಶಾಲೆಯಲ್ಲಿ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಕರ್ಮಣಿಗೆ ತಿರುಗಿಸುತ್ತಿದ್ದೆವು. ರಾಮನು ಪ್ರಥಮಾ ವಿಭಕ್ತಿಯಿಂದ ತೃತೀಯೆಗೆ ಸರಿಯುತ್ತಿದ್ದನೇ ಹೊರತು ವಾಕ್ಯದಿಂದ ಮಾಯವಾಗುತ್ತಿರಲಿಲ್ಲ. ಕರ್ತೃವನ್ನೇ ಮಾಯ ಮಾಡುವ ವಿದ್ಯೆಯನ್ನು ನಾನು ಕಲಿತದ್ದು ಸರ್ಕಾರಿ ಸೇವೆಗೆ ಸೇರಿದ ಮೇಲೆ.

‘ಸೂಚಿಸಲಾಗಿದೆ’, ‘ಪರಿಶೀಲಿಸಲಾಗುತ್ತಿದೆ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಕಡತಗಳ ಈ ಭಾಷೆಯಲ್ಲಿ ‘ಯಾರಿಂದ?’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಕುಟುಂಬ ಪಿಂಚಣಿಗಾಗಿ ಅಲೆಯುತ್ತಿದ್ದ ವಿಧವೆಯೊಬ್ಬರಿಗೆ ‘ಪರಿಶೀಲಿಸಲಾಗುತ್ತಿದೆ’ ಎಂಬ ಉತ್ತರಕ್ಕೆ ನಾನೇ ಮೂರು ಬಾರಿ ಸಹಿ ಹಾಕಿದ್ದೆ. ಕೊನೆಗೆ ಆಕೆ ನನ್ನೆದುರು ನಿಂತು, ‘ಸ್ವಾಮಿ, ಪರಿಶೀಲಿಸುತ್ತಿರುವವರು ಯಾರು? ಅವರನ್ನೇ ಕಂಡು ಕೇಳಿಕೊಳ್ಳುತ್ತೇನೆ’ ಎಂದರು. ಕಡತ ನನ್ನ ಮೇಜಿನ ಮೇಲೆಯೇ ಇತ್ತು.

ಇಂಥ ಭಾಷೆಗೆ ಸಮರ್ಥನೆ ಇಲ್ಲದಿಲ್ಲ. ಆದೇಶ ಹೊರಡುವುದು ಹುದ್ದೆಯಿಂದ. ವ್ಯಕ್ತಿಯ ಇಷ್ಟಾನಿಷ್ಟಗಳು ಅದರಲ್ಲಿ ಇಣುಕಬಾರದು. ಆದರೆ ನಿರ್ಲಿಪ್ತತೆ ಬೇರೆ, ನಿಷ್ಕ್ರಿಯತೆ ಬೇರೆ. ಹಾಗೆಂದು ಕರ್ಮಣಿ ಪ್ರಯೋಗವನ್ನಷ್ಟೇ ದೂರುವುದೂ ತಪ್ಪಾದೀತು. ‘ಲೋಟ ಒಡೆದುಹೋಯಿತು’ ಎಂಬ ಮನೆಮಾತು ಕರ್ಮಣಿಯಲ್ಲ. ಆದರೂ ಒಡೆದವರು ಪಾರಾಗುತ್ತಾರೆ. ರಸ್ತೆಗುಂಡಿಯನ್ನು ಕಂಡು ‘ಯಾರಾದರೂ ದೂರು ಕೊಡಬೇಕು’ ಎಂದು ನಾವು ಮುಂದೆ ಸಾಗುತ್ತೇವೆ. ಅದು ಅಪ್ಪಟ ಕರ್ತರಿ ವಾಕ್ಯ. ‘ಯಾರಾದರೂ’ ಎಂಬ ಆ ಮಹನೀಯರ ವಿಳಾಸ ಮಾತ್ರ ಯಾರಿಗೂ ತಿಳಿಯದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ವಿಳಂಬದ ವೆಚ್ಚವನ್ನು ಭರಿಸುವವರು ಅರ್ಜಿದಾರರು; ವಿಳಂಬ ಮಾಡಿದವರಿಗೆ ಅದರ ಬಿಸಿ ತಟ್ಟುವುದಿಲ್ಲ. ಇದನ್ನು ಬದಲಿಸಲು ಕಾನೂನು ಯತ್ನಿಸಿದೆ. ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ಸಕಾರಣವಿಲ್ಲದೆ ಮಾಹಿತಿ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, 25,000 ರೂಪಾಯಿ ಮೀರದಂತೆ ದಂಡ ವಿಧಿಸಬಹುದು. ಕರ್ನಾಟಕದ ‘ಸಕಾಲ’ ವ್ಯವಸ್ಥೆಗೆ ಆಧಾರವಾದ 2011ರ ಕಾನೂನು, ನಿಗದಿತ ಸೇವೆಗಳಿಗೆ ಕಾಲಮಿತಿಯನ್ನೂ ಹೊಣೆಗಾರ ಅಧಿಕಾರಿಯನ್ನೂ ಗೊತ್ತುಪಡಿಸಿತು. ಎರಡೂ ಕಾನೂನುಗಳು ಮೂಲತಃ ಮಾಡಿದ್ದು ವ್ಯಾಕರಣದ ತಿದ್ದುಪಡಿಯನ್ನೇ: ಕಾಣೆಯಾದ ಕರ್ತೃವನ್ನು ವಾಕ್ಯಕ್ಕೆ ಮರಳಿ ತಂದವು.

ಆದರೂ ಪತ್ರಗಳ ಭಾಷೆ ಹೆಚ್ಚು ಬದಲಾಗಿಲ್ಲ. ಹೀಗಿರುವಾಗ ಅಧಿಕಾರಿಗಳು ತಮ್ಮ ಉತ್ತರದಲ್ಲಿ ಎರಡೇ ಸಂಗತಿಗಳನ್ನು ಸೇರಿಸಲಿ: ಕೆಲಸ ಮಾಡುವವರು ಯಾರು, ಯಾವ ದಿನದೊಳಗೆ. ನಾಗರಿಕರೂ ಇವೆರಡನ್ನೇ ಪಟ್ಟು ಹಿಡಿದು ಕೇಳಲಿ.

ಅಂದು ಆ ತಾಯಿಗೆ ನಾನು ಬರೆದುಕೊಟ್ಟದ್ದು ಇಷ್ಟೇ: ‘ಕಡತ ನನ್ನಲ್ಲಿದೆ. ಹದಿನೈದು ದಿನಗಳೊಳಗೆ ಆದೇಶ ಹೊರಡಿಸುತ್ತೇನೆ.’ ಅಷ್ಟು ಬರೆದ ಮೇಲೆ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಗಡುವಿಗೆ ಮೊದಲೇ ಆದೇಶ ಹೊರಟಿತು.