ಹೊಸ ಬಣ್ಣದ ಹಳೆಯ ಸ್ಪಿಟ್‌ಫೈರ್

ಚೆನ್ನೈಯಲ್ಲಿ ಹಳಬರಾದ ಕನ್ನಡಿಗರಿಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಪರಿಚಯಿಸಬೇಕಾಗಿಲ್ಲ. ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಈ ಪುಟ್ಟ ಗಾಡಿ 1961ರಿಂದ ಮದ್ರಾಸಿನಲ್ಲೇ ತಯಾರಾಗುತ್ತಿತ್ತು. ಅದಕ್ಕೊಬ್ಬ ತಮ್ಮನಿದ್ದ. ನಮ್ಮ ದೇಶದಲ್ಲಿ ಹುಟ್ಟದ, ಮಾಡು ಮಡಚಿ ಓಡುವ, ಎರಡೇ ಸೀಟಿನ ಶೋಕಿಲಾಲ ತಮ್ಮ. ಹೆಸರು ಟ್ರಯಂಫ್ ಸ್ಪಿಟ್‌ಫೈರ್.

ಈ ಸಲ ಅವನ ಸುದ್ದಿ ಎತ್ತಲು ಕಾರಣ ಪುಣೆಯ ಹಿರಿಯ ಗೆಳೆಯರು. ಅವರ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಮಾರಾಟಕ್ಕಿರುವ ಒಂದು ಕೆಂಪು ಸ್ಪಿಟ್‌ಫೈರ್ ಮೇಲೆ ಅವನ ಕಣ್ಣು ಬಿದ್ದಿದೆ. 1971ರ ಗಾಡಿ. "ತಗಡಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿಸಲಾಗಿದೆ, ಮನಸ್ಸಿಲ್ಲದ ಮನಸ್ಸಿನಿಂದ ಮಾರುತ್ತಿದ್ದೇನೆ" ಎಂದು ಜಾಹೀರಾತು. ಮಗನ ಮೂರು ವರ್ಷದ ಉಳಿತಾಯ ಅದಕ್ಕೆ ಹೋಗುತ್ತದೆ. ತಾಯಿಗೆ ಸಿಟ್ಟು. ತಂದೆ ಮದ್ರಾಸಿನಲ್ಲಿ ಹೆರಾಲ್ಡ್ ಓಡಿಸಿದವರು, ಅವರಿಗೆ ಒಳಗೊಳಗೇ ಆಸೆ. "ಚಿತ್ರದಲ್ಲಿ ಮದುಮಗಳ ಹಾಗೆ ಹೊಳೀತದೆ ಮಾರಾಯ್ರೆ, ತಗೊಳ್ಳಬಹುದೋ ಹೇಳಿ" ಎಂದು ನನಗೆ ಫೋನು.

ಹೊಳೆಯುವುದೇ ತೊಂದರೆ. ಬಣ್ಣ ಎಲ್ಲಕ್ಕಿಂತ ಕಡೆಗೆ ಮಾಡುವ ಕೆಲಸ, ಕಣ್ಣಿಗೆ ಮಾತ್ರ ಎಲ್ಲಕ್ಕಿಂತ ಮೊದಲು ಕಾಣುತ್ತದೆ.

ಸ್ಪಿಟ್‌ಫೈರ್ ಹುಟ್ಟಿದ ಕಥೆ ಸ್ವಲ್ಪ ಕೇಳಿ. ಹೆರಾಲ್ಡಿನ ರೂಪ ಬರೆದ ಇಟಲಿಯ ಜೊವಾನಿ ಮಿಕೆಲೊಟ್ಟಿಯೇ ಇದರ ರೂಪವನ್ನೂ ಬರೆದದ್ದು. ಕಂಪನಿಯಲ್ಲಿ ದುಡ್ಡಿಲ್ಲದೆ ಮಾದರಿ ಗಾಡಿ ಕಾರ್ಖಾನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. 1961ರಲ್ಲಿ ಲೇಲ್ಯಾಂಡ್ ಕಂಪನಿ ಟ್ರಯಂಫನ್ನು ಕೊಂಡಿತು. ಹೊಸ ಯಜಮಾನರು ಕಾರ್ಖಾನೆ ಸುತ್ತುವಾಗ ಬಟ್ಟೆ ಎಳೆದು ನೋಡಿ ಒಪ್ಪಿಗೆ ಕೊಟ್ಟರಂತೆ. 1962ರಲ್ಲಿ ಮಾರುಕಟ್ಟೆಗೆ ಬಂದು 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಹಾಗಾಗಿ ಇದು ಅಪರೂಪದ ರತ್ನವಲ್ಲ. ಈ ಗಾಡಿ ಬಿಟ್ಟರೆ ಇನ್ನೊಂದು ಸಿಗುತ್ತದೆ, ಆತುರ ಬೇಡ ಎಂದು ಮೊದಲಿಗೇ ಹೇಳಿದೆ.

ಈಗ ಮುಖ್ಯ ಮಾತು. ಹೆರಾಲ್ಡಿನ ಬಾಡಿ ಒಂದು ಗಟ್ಟಿ ಚಾಸಿಯ ಮೇಲೆ ಕೂತಿರುತ್ತದೆ. ಚಾಸಿಯ ನಡುಗಂಬವಲ್ಲದೆ ಎರಡು ಬದಿಗೂ ಪಟ್ಟಿಗಳಿವೆ. ಸ್ಪಿಟ್‌ಫೈರಿಗೆ ಅದೇ ಚಾಸಿಯನ್ನು ಗಿಡ್ಡ ಮಾಡಿದರು, ಬದಿಯ ಪಟ್ಟಿಗಳನ್ನು ತೆಗೆದರು. ಆ ಭಾರ ಹೊರುವ ಕೆಲಸವನ್ನು ಬಾಗಿಲ ಕೆಳಗಿನ ಉದ್ದನೆಯ ತಗಡಿನ ಪೆಟ್ಟಿಗೆಗೆ ಒಪ್ಪಿಸಿದರು. ಸಿಲ್ ಅನ್ನುತ್ತಾರೆ, ನಮ್ಮ ಹೊಸ್ತಿಲು ಅಂದುಕೊಳ್ಳಿ. ಮಾಡಿರುವ ಕಾರಾದರೆ ಮಾಡೂ ಒಂದಿಷ್ಟು ಎಳೆದು ಹಿಡಿಯುತ್ತದೆ. ಇಲ್ಲಿ ಮೇಲೆ ಬರೀ ಬಟ್ಟೆ. ಹೊಸ್ತಿಲು ತುಕ್ಕು ಹಿಡಿದರೆ ಗಾಡಿ ನಡುವಿನಲ್ಲಿ ಜಗ್ಗುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ತುಕ್ಕಿಗೆ ಅದೇ ಹಬ್ಬದೂಟ. ಮುಂಬಯಿಯ ಕಡಲ ಗಾಳಿಗೆ ಕಿಟಕಿಯ ಗ್ರಿಲ್ ಏನಾಗುತ್ತದೆಂದು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ.

ತುಕ್ಕು ಹಿಡಿದ ಹೊಸ್ತಿಲನ್ನು ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡುವಾಗ ಬಾಡಿಗೆ ಒಳಗಿನಿಂದ ಆಸರೆ ಕೊಡಬೇಕು. ಕೊಡದೆ ಮಾಡಿದರೆ ಬಾಡಿ ಜಗ್ಗಿದ ಹಾಗೆಯೇ ಅಂಟಿಕೊಳ್ಳುತ್ತದೆ. ಇದನ್ನು ಬಣ್ಣ ಮುಚ್ಚಲಾರದು. ಬಾಗಿಲ ಹಿಂದಿನ ಸಂದಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರೆ ತಿಳಿಯುತ್ತದೆ. ಮೇಲೆ ಕಿರಿದು, ಕೆಳಗೆ ಅಗಲವಿದ್ದರೆ ಅನುಮಾನಿಸಿ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಅಂಟದ ಕಡೆ ತಗಡಿಗಿಂತ ಪುಟ್ಟಿಯೇ ಹೆಚ್ಚು.

ಬಾನೆಟ್ಟು ಎತ್ತಿ ಇನ್ನೊಂದು ಪರೀಕ್ಷೆ. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಇಂಜಿನ್ ಮುಂದಿನ ಪುಲ್ಲಿಯನ್ನು ನೋಡಲಿ. ಅದು ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆಡಿದರೆ ಒಳಗಿನ ಥ್ರಸ್ಟ್ ವಾಷರ್ ಸವೆದಿದೆ. ಚಿಲ್ಲರೆ ಬೆಲೆಯ ವಾಷರ್, ಕಳಚಿ ಬಿದ್ದರೆ ಇಂಜಿನ್ನನ್ನೇ ತಿನ್ನುತ್ತದೆ. ಹಿಂದಿನ ಚಕ್ರಗಳ ಬಗ್ಗೆ ತಂದೆಗೆ ಹೆದರಿಕೆಯಿತ್ತು. ಹೆರಾಲ್ಡಿನ ಹಾಗೆ ಮೊದಲ ಸ್ಪಿಟ್‌ಫೈರ್‌ಗಳಲ್ಲೂ ಜೋರು ತಿರುವಿನಲ್ಲಿ ಹಿಂಚಕ್ರ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ನಮ್ಮಲ್ಲಿ ಹೆರಾಲ್ಡ್ ಹೋಗಿ ಗಜೆಲ್ ಬಂದಾಗ ಆ ಏರ್ಪಾಟನ್ನೇ ಕೈಬಿಟ್ಟರು. ಇಂಗ್ಲೆಂಡಿನವರು 1970ರ ಕೊನೆಗೆ ಬಂದ ಮಾರ್ಕ್ 4ರಲ್ಲಿ ಸ್ಪ್ರಿಂಗನ್ನು ಬದಲಿಸಿ ದೋಷ ತಗ್ಗಿಸಿದರು. ಈ ಕೆಂಪು ಗಾಡಿ ಮಾರ್ಕ್ 4, ಅಷ್ಟರ ಮಟ್ಟಿಗೆ ನಿಶ್ಚಿಂತೆ.

ಹುಡುಗ ಮಾರುವವರಿಗೆ ಬರೆದು ಕೇಳಿದ. ನಲವತ್ತಕ್ಕೂ ಹೆಚ್ಚು ಚಿತ್ರ ಬಂದವು. ಸೀಟು, ಸ್ಟೀರಿಂಗ್, ಮರದ ಡ್ಯಾಶ್‌ಬೋರ್ಡ್, ಮಿರಿಮಿರಿ ಮಿಂಚುವ ಬಂಪರ್. ಹೊಸ್ತಿಲು ಬಿಚ್ಚಿದಾಗಿನ ಚಿತ್ರ ಒಂದೂ ಇಲ್ಲ. ಮೋಸವೆಂದು ನಾನು ಹೇಳುವುದಿಲ್ಲ. ಆದರೆ ರಾತ್ರಿಯಿಡೀ ಗ್ಯಾರೇಜಿನಲ್ಲಿ ಮೈಮುರಿದವರು ಸೀಟಿನ ಚಿತ್ರಕ್ಕಿಂತ ಮೊದಲು ತೋರಿಸುವುದು ಬಿಚ್ಚಿ ಹರಡಿದ ತುಕ್ಕಿನ ಚಿತ್ರವನ್ನೇ. ಅವರಿಗೆ ಹೆಮ್ಮೆ ಇರುವುದು ಅಲ್ಲಿ. ಅಂಥ ಚಿತ್ರಗಳ ಕಟ್ಟು, ಅಂಗಡಿ ಬಿಲ್ಲುಗಳು, ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕೊಡುವ ದಾಖಲೆ ಪತ್ರ (ಗಾಡಿ ಯಾವತ್ತು ತಯಾರಾಯಿತು, ಮೊದಲ ಬಣ್ಣ ಯಾವುದು, ಇಂಜಿನ್ ನಂಬರೇನು ಎಂಬುದು ಅದರಲ್ಲಿರುತ್ತದೆ), ಇಷ್ಟಿದ್ದರೆ ಚೌಕಾಸಿ ಮಾಡದೆ ಕೊಳ್ಳಬಹುದು. ಸ್ಪಿಟ್‌ಫೈರಿನಂಥ ಗಾಡಿಯನ್ನು ಸರಿಯಾಗಿ ರಿಪೇರಿ ಮಾಡಿಸಿದ ಖರ್ಚು ಮಾರಿದಾಗ ಹಿಂದಿರುಗುವುದು ಬಹಳ ಕಡಿಮೆ. ಚೆನ್ನಾಗಿ ಮಾಡಿದ ಗಾಡಿ ಕೊಳ್ಳುವವನಿಗೆ ಲಾಭವೇ. ಇಲ್ಲದಿದ್ದರೆ ಅದೇ ಖರ್ಚು ಎರಡನೆಯ ಸಲ ಇವನ ತಲೆಗೆ. ಹೊಸ್ತಿಲನ್ನು ಬೇರೊಬ್ಬ ವೆಲ್ಡರ್ ನೋಡುವವರೆಗೆ ಮುಂಗಡ ಕೊಡಬೇಡ ಎಂದಿದ್ದೇನೆ. ತಾಯಿಗೆ ನನ್ನ ಮೇಲೆ ಈಗ ಸ್ವಲ್ಪ ವಿಶ್ವಾಸ ಬಂದಿದೆ.

ಊರಲ್ಲಿ ಅಜ್ಜನ ಹೆರಾಲ್ಡ್ ಕೊಟ್ಟಿಗೆಯಲ್ಲಿ ನಿಂತಿರುವವರಿಗೆ ಒಂದು ಮಾತು. ಅದರ ಮಾಡನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದು, ಹಾಗಾಗಿ ತೆರೆದ ಕಾರು ಮಾಡಿಸುವ ಆಸೆ ಸುಲಭವಾಗಿ ಹುಟ್ಟುತ್ತದೆ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ದಿನನಿತ್ಯ ಓಡಿಸುವ ಹಾಗಿಲ್ಲ. ಮಾಡಿನ ಬೋಲ್ಟಿಗೆ ಪಾನಾ ಹಾಕುವ ಮೊದಲು ಆರ್‌ಟಿಓ ಆಫೀಸಿನಲ್ಲಿ ಒಮ್ಮೆ ವಿಚಾರಿಸಿ.