ಸ್ಕ್ರಬ್ಬರ್ ಎತ್ತಿದ ಪ್ರಶ್ನೆ

ಕುರುಗೋಡಿನ ಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ನೀರಿನ ವಿದ್ಯುದ್ವಿಭಜನೆ ಪಾಠ ಮಾಡಿದೆ. ವಾಷಿಂಗ್ ಸೋಡಾ ದ್ರಾವಣ, 9 ವೋಲ್ಟ್ ಬ್ಯಾಟರಿ. ಋಣಧ್ರುವದ ಮೊಳೆ ತೆಗೆದು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಸಿಕ್ಕಿಸಿದಾಗ ಹೈಡ್ರೋಜನ್ ಗುಳ್ಳೆಗಳು ಹೆಚ್ಚಿದವು. ಮೇಲ್ಮೈ ದೊಡ್ಡದಾದರೆ ಕ್ರಿಯೆಗೆ ಜಾಗವೂ ಹೆಚ್ಚು.

"ಇನ್ನೂ ಬಿಗಿಯಾಗಿ ಅದುಮಿದರೆ, ಸರ್?" ಎಂದಳೊಬ್ಬಳು. ಪಾಠಯೋಜನೆಯಲ್ಲಿಲ್ಲವೆಂದು ಕೂರಿಸಿದೆ. ತಪ್ಪು ನನ್ನದೇ. ದ್ರಾವಣ ಹರಿಯುವ ಕೋಶಗಳಿಗೆ ರಂಧ್ರಯುಕ್ತ ಲೋಹದ ವಿದ್ಯುದ್ವಾರ ರೂಪಿಸುವವರ ಪ್ರಶ್ನೆಯೂ ಅದೇ. ರಂಧ್ರ ತೀರಾ ಕಿರಿದಾದರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ, ಹರಿವು ಕುಂದುತ್ತದೆ, ಪಂಪಿಗೆ ಹೊರೆ. ಸಿರುಗುಪ್ಪದ ನಮ್ಮ ಭತ್ತದ ಗದ್ದೆಯಲ್ಲಿ ಕೆಸರು ಮಾಡಿದ ಮಣ್ಣಿನಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲವಲ್ಲ, ಹಾಗೆ.

ಬಳ್ಳಾರಿಯ ವಿಮರ್ಶಾ ಸಭೆಯಲ್ಲಿ ನನಗೆ ಸಮಯಪಾಲನೆಗೆ ಮೆಚ್ಚುಗೆ ಸಿಕ್ಕಿತು. ಪಾಠಯೋಜನೆಯಲ್ಲಿ ಮಕ್ಕಳ ಪ್ರಶ್ನೆಗೂ 5 ನಿಮಿಷ ಮೀಸಲಿರಬೇಕು ಎಂಬುದು ನನ್ನ ಅಭಿಪ್ರಾಯ.